ಹಳೇ ಬೋಟ್ ಕೊಳ್ಳುವ ಮುನ್ನ ಮೋಟಾರಿನ ವರ್ಷ ನೋಡಿ

ಟೆಕ್ಸಾಸ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಬೋಟ್ ನೋಡುತ್ತಿರುವವರಿಗೆ ಒಂದು ಮಾತು. ಜಾಹೀರಾತಿನಲ್ಲಿ '1995 ಬೋಟ್' ಎಂದಿದ್ದರೆ ಅದು ಬೋಟಿನ ವರ್ಷ ಮಾತ್ರ. ಹಿಂದೆ ನೇತಾಡುವ ಔಟ್‌ಬೋರ್ಡ್ ಮೋಟಾರ್ 1987ರದ್ದೂ ಇರಬಹುದು.

ಬೋಟಿನ ವರ್ಷ ಸುಲಭ. ಹಿಂಬದಿ ಬಲಗಡೆ 12 ಅಕ್ಷರದ ನಂಬರ್ ಇರುತ್ತದೆ. 1984ರ ನಂತರದ ಬೋಟ್‌ಗಳಲ್ಲಿ ಅದರ ಕೊನೆಯ ಎರಡು ಅಂಕಿಯೇ ಮಾಡೆಲ್ ವರ್ಷ.

ಮೋಟಾರಿನದ್ದು ಸ್ವಲ್ಪ ತಮಾಷೆ. 1980ರ ನಂತರದ ಜಾನ್ಸನ್, ಎವಿನ್‌ರೂಡ್ ಕಂಪನಿಯ ಮೋಟಾರ್ ಆದರೆ 'ಇಂಟ್ರೊಡ್ಯೂಸಸ್' (INTRODUCES) ಎಂಬ ಇಂಗ್ಲಿಷ್ ಪದ ನೆನಪಿಡಿ. ಅದರಲ್ಲಿ ಹತ್ತು ಅಕ್ಷರ. ಐ ಅಂದರೆ 1, ಎನ್ ಅಂದರೆ 2, ಹೀಗೇ ಹೋಗಿ ಕೊನೆಯ ಎಸ್ ಅಂದರೆ 0. ಮಾಡೆಲ್ ನಂಬರಿನ ತುದಿಯ ಒಂದಕ್ಷರ ಬಿಟ್ಟು ಅದರ ಹಿಂದಿನ ಎರಡು ಓದಿ. 'ಸಿಯು' (CU) ಇದ್ದರೆ 87, 'ಇಓ' (EO) ಇದ್ದರೆ 95. ಇದು ಗೊತ್ತಿಲ್ಲದೆ ನಾನು ಬೋಟಿನ ವರ್ಷ ಹೇಳಿ ವಾಟರ್ ಪಂಪ್ ಕಿಟ್ ತರಿಸಿದ್ದೆ. ಕೂರಲೇ ಇಲ್ಲ! ಬಿಡಿಭಾಗ ಕೇಳುವಾಗ ಮೋಟಾರಿನ ನಂಬರನ್ನೇ ಕೊಡಿ.

ವರ್ಷ ಬೇರೆಯಾದರೆ ಸುಮ್ನೆ ಗಾಬರಿ ಬೇಡ. ಮೋಟಾರ್ ಬದಲಿಸಿರಬಹುದು, ಅಷ್ಟೇ. ಹೊಸದು ಹಾಕಿಸಿದ್ದರೆ ಒಳ್ಳೆಯದೇ ಅಲ್ವಾ? ಆದರೆ ಹೊಸದು ಫೋರ್ ಸ್ಟ್ರೋಕ್ ಆಗಿದ್ದರೆ ಹಳೇ ಟೂ ಸ್ಟ್ರೋಕ್ ಮೋಟಾರಿಗಿಂತ ಸಾಮಾನ್ಯವಾಗಿ ತೂಕ ಜಾಸ್ತಿ. ಬೋಟಿನ ಒಳಗಿರುವ ಕೆಪಾಸಿಟಿ ಪ್ಲೇಟಿನಲ್ಲಿ, ಅಂದರೆ ಬೋಟಿನ ಮಿತಿ ಬರೆದ ಫಲಕದಲ್ಲಿ, ಇರುವ ಹಾರ್ಸ್‌ಪವರ್ ಮೀರಿದೆಯಾ ಎಂದೂ ನೋಡಿ.

ಇನ್ನೊಂದು, ಬೋಟಿನ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಕೈಗೆ ಬರುವ ತನಕ ದುಡ್ಡು ಕೊಡಬೇಡಿ.