ಆನೆಗೊಂದಿಯ ವಾಡೆಯಲ್ಲಿ ಫಾದೊ ಸಂಜೆ: ಮೂವತ್ತು ಮಂದಿಗೆ ಹಾಡು, ಊಟ

ಮೊದಲು ಜಾಗ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಲ್ಲಿ ಲಿಖಿತ ಅನುಮತಿಯಿಲ್ಲದೆ ಕಾರ್ಯಕ್ರಮ, ಅಡುಗೆ ಮಾಡುವಂತಿಲ್ಲ. ಮಂಟಪದ ಆಸೆ ಬಿಟ್ಟು ಖಾಸಗಿ ವಾಡೆಯ ಪಡಸಾಲೆ ಕೇಳಿ. ಫಾದೊ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಆಲ್ಫಾಮಾ, ಮೊರಾರಿಯಾ ಓಣಿಗಳಲ್ಲಿ ಬೆಳೆದ ಹಾಡು. ಸಣ್ಣ ಕೋಣೆಯಲ್ಲಿ ಮೈಕಿಲ್ಲದೆ ಹಾಡುವುದೇ ಅದರ ಚೆಂದ. ಬಯಲಿನಲ್ಲಿ ದನಿ ಚದುರುತ್ತದೆ, ಬರಿಗಲ್ಲಿನ ನೆಲದಲ್ಲಿ ಮಾರ್ದನಿ ಎದ್ದು ಪದಗಳು ಕಲಸಿಹೋಗುತ್ತವೆ. ಜಮಖಾನೆ ಹಾಸಿ. ಫ್ಯಾನು ಆರಿಸಲೇಬೇಕು, ಆದ್ದರಿಂದ ಡಿಸೆಂಬರ್ ಅಥವಾ ಜನವರಿಯೇ ಸರಿ.

ಗಾಯಕಿ ಅಥವಾ ಗಾಯಕ, ಒಂದು ಪೋರ್ಚುಗೀಸ್ ಗಿಟಾರು, ಒಂದು ಸಾದಾ ಗಿಟಾರು ಸಾಕು. ಕಲಾವಿದರನ್ನು ಗೋವಾದಿಂದ ಕರೆಸಬಹುದು. ಪೋರ್ಚುಗೀಸ್ ಗಿಟಾರಿಗೆ ಆರು ಜೋಡಿಯಾಗಿ 12 ಉಕ್ಕಿನ ತಂತಿ. ಜೋಡಿಯಲ್ಲಿ ಒಂದು ತುಸು ಇಳಿದರೂ ಅಪಸ್ವರ ಕಿವಿಗೆ ಹೊಡೆಯುತ್ತದೆ. ಬಿಸಿಲಲ್ಲಿ ನಿಂತ ಕಾರಿನಿಂದ ತಂದ ವಾದ್ಯವನ್ನು ತಾಸು ಹೊತ್ತು ಪಡಸಾಲೆಯಲ್ಲೇ ಇಟ್ಟು, ಆಮೇಲೆ ಶ್ರುತಿ ಮಾಡಲಿ. ಹೆಚ್ಚುವರಿ ತಂತಿಯನ್ನೂ ತರಲು ಹೇಳಿ.

ಊಟಕ್ಕೆ ಕಾಲ್ದು ವೆರ್ದೆ, ಅಂದರೆ ಪೋರ್ಚುಗಲ್ಲಿನ ಹಸಿರು ಸೂಪು ಮಾಡಿ. 3 ಕೆಜಿ ಆಲೂಗಡ್ಡೆ, 750 ಗ್ರಾಂ ಉಳ್ಳಾಗಡ್ಡಿ, 15 ಎಸಳು ಬೆಳ್ಳುಳ್ಳಿಯನ್ನು 8 ಲೀಟರ್ ನೀರು, ಉಪ್ಪಿನಲ್ಲಿ ಬೇಯಿಸಿ ಕಡಗೋಲಿನಿಂದ ಮಸೆಯಿರಿ. ಮಿಕ್ಸಿಗೆ ಹಾಕಿದರೆ ಪಿಷ್ಟ ಬಿಟ್ಟು ಅಂಟಂಟಾಗುತ್ತದೆ. ಅಲ್ಲಿನ ಕೋಸಿನ ಸೊಪ್ಪಿನ ಬದಲು ನವಿಲುಕೋಸಿನ ಎಳೆ ಎಲೆ ಒಂದೂವರೆ ಕೆಜಿ ಆಗುತ್ತದೆ. ದಂಟು ತೆಗೆದು, ಎಲೆ ಸುರುಳಿ ಸುತ್ತಿ, ಎಳೆ ಎಳೆಯಾಗಿ ಹೆಚ್ಚಿ. ಬಡಿಸುವ ಐದು ನಿಮಿಷ ಮುಂಚೆ ಹಾಕಿ. ಬೇಗ ಹಾಕಿದರೆ ಹಸಿರು ಮಾಸುತ್ತದೆ. ಕೊನೆಗೆ 200 ಮಿಲಿ ಆಲಿವ್ ಎಣ್ಣೆ. ಮೂಲದಲ್ಲಿ ಹಂದಿಮಾಂಸದ ಸಾಸೇಜಿನ ಬಿಲ್ಲೆ ತೇಲಿಸುತ್ತಾರೆ. ಅದನ್ನು ಬಿಟ್ಟರೆ ಎಲ್ಲರೂ ಕುಡಿಯಬಹುದು. ಜೊತೆಗೆ ಬ್ರೆಡ್ಡು, ಬೆಳ್ಳುಳ್ಳಿ ಹಾಕಿ ಕರಿದ ಮೀನು.

ಸಿಹಿಗೆ ಆರೋಸ್ ದೋಸೆ: ಇದು ನಮ್ಮ ದೋಸೆಯಲ್ಲ, ಪೋರ್ಚುಗೀಸರ ಅಕ್ಕಿ ಪಾಯಸ. ಗಂಗಾವತಿಯ ಸೋನಾ ಮಸೂರಿ 900 ಗ್ರಾಂ, ಹಾಲು 5 ಲೀಟರ್, ದಾಲ್ಚಿನ್ನಿ, ನಿಂಬೆಸಿಪ್ಪೆ. ಸಿಪ್ಪೆಯ ಹಳದಿ ಪದರ ಮಾತ್ರ, ಬಿಳಿ ಭಾಗ ಕಹಿ. ಅಕ್ಕಿ ಪೂರ್ತಿ ಬೆಂದ ಮೇಲೆಯೇ 900 ಗ್ರಾಂ ಸಕ್ಕರೆ ಹಾಕಿ, ಮುಂಚೆ ಹಾಕಿದರೆ ಕಾಳು ಬೇಯದೆ ಉಳಿಯುತ್ತದೆ. ಬೆಳಿಗ್ಗೆಯೇ ಮಾಡಿಟ್ಟು ತಣ್ಣಗೆ ಬಡಿಸಿ.

ಇಡೀ ಸಂಜೆ ಕೆಡುವುದು ಒಂದೇ ಕಾರಣಕ್ಕೆ: ಹಾಡುವಾಗ ಬಡಿಸುವುದು. ಲಿಸ್ಬನ್ನಿನಲ್ಲಿ ಹಾಡು ಶುರುವಾದರೆ ದೀಪ ತಗ್ಗುತ್ತದೆ, ಬಡಿಸುವವರು ನಿಂತಲ್ಲೇ ನಿಲ್ಲುತ್ತಾರೆ. ಇಲ್ಲೂ ಅದೇ ಆಗಲಿ. 7ಕ್ಕೆ ಸೂಪು, 7:40ಕ್ಕೆ ನಾಲ್ಕು ಹಾಡು, 8ಕ್ಕೆ ಮೀನು, 8:40ಕ್ಕೆ ಮತ್ತೆ ಹಾಡು, 9ಕ್ಕೆ ಸಿಹಿ, 9:20ಕ್ಕೆ ಕೊನೆಯ ಸರದಿ. ಸ್ಟೀಲ್ ತಟ್ಟೆಯ ಸದ್ದು ಬೇಡ, ಬಾಳೆಎಲೆ ಹಾಕಿ. ಸೂಪಿಗೆ ಮಣ್ಣಿನ ಬಟ್ಟಲು. ಫೋನುಗಳನ್ನು ಬಾಗಿಲಲ್ಲೇ ಆರಿಸಲು ಕೇಳಿಕೊಳ್ಳಿ.