ಸ್ಟೀರಿಂಗ್ ಚರ್ಮಕ್ಕೆ ಬಣ್ಣ ಹಚ್ಚುವ ಮುನ್ನ

ಕಾರಿನ ಸ್ಟೀರಿಂಗ್ ಮೇಲಿನ ಚರ್ಮ ಮಿರಮಿರ ಹೊಳೆಯುತ್ತಿದ್ದರೆ ಅದು ಕೊಳೆ ಅಂತಲೇ ತಿಳಿಯಿರಿ. ಕಾರ್ಖಾನೆಯಿಂದ ಬರುವಾಗ ಈ ಚರ್ಮಕ್ಕೆ ಸಾಮಾನ್ಯವಾಗಿ ಹೊಳಪೇ ಇರುವುದಿಲ್ಲ. ಬೆವರು, ಕೈಗೆ ಹಚ್ಚಿದ ಕ್ರೀಮು, ತಿಂಡಿಯ ಎಣ್ಣೆ ಎಲ್ಲ ಸೇರಿ ವರ್ಷಾನುಗಟ್ಟಲೆ ಕೂತ ಜಿಡ್ಡು ಹಾಗೆ ಹೊಳೆಯುತ್ತದೆ, ಕೈಗೂ ಜಾರುತ್ತದೆ. ಸವೆದೇ ಹೋಯಿತು ಅಂದುಕೊಂಡ ಎಷ್ಟೋ ಸ್ಟೀರಿಂಗ್‌ಗಳು ಬರೀ ತೊಳೆದರೆ ಸರಿಹೋಗುತ್ತವೆ. ಹಾಗಾಗಿ ಬಣ್ಣದ ಬಾಟಲಿ ಕೊಳ್ಳುವ ಆತುರ ಬೇಡ.

ಮೊದಲು ಅದು ಚರ್ಮವೋ ರೆಕ್ಸಿನ್ನೋ ನೋಡಿಕೊಳ್ಳಿ. ನಿಜವಾದ ಚರ್ಮ ಸವೆದಾಗ ಬಣ್ಣ ಹೋಗಿ ಸಣ್ಣ ನಾರಿನಂತೆ ಏಳುತ್ತದೆ, ಮುಟ್ಟಿದರೆ ಒರಟು. ರೆಕ್ಸಿನ್ ಸಿಪ್ಪೆಸಿಪ್ಪೆಯಾಗಿ ಸುಲಿಯುತ್ತದೆ, ಕೆಳಗೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಸುಲಿಯಲು ಶುರುವಾದ ರೆಕ್ಸಿನ್‌ಗೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ, ಬಣ್ಣದ ಸಮೇತ ಸುಲಿಯುತ್ತದೆ. ಚರ್ಮವೇ ಹರಿದು ಒಳಗಿನ ಫೋಮ್ ಕಾಣುತ್ತಿದ್ದರೂ ಅಷ್ಟೇ, ಹೊಸ ಚರ್ಮ ಹೊಲಿಸುವುದೇ ದಾರಿ. ಸುಮ್ಮನೆ ಮೇಲೆ ಏರಿಸುವ ಸಡಿಲ ಕವರ್ ಮಾತ್ರ ಹಾಕಬೇಡಿ. ತಿರುವಿನಲ್ಲಿ ಕವರ್ ತಿರುಗಿ ಸ್ಟೀರಿಂಗ್ ಚಕ್ರ ತಿರುಗದಿದ್ದರೆ ಗತಿ ಏನು?

ತೊಳೆಯುವುದಕ್ಕೆ ಲೆದರ್ ಕ್ಲೀನರ್ ಒಳ್ಳೆಯದು. ಇಲ್ಲದಿದ್ದರೆ ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಶಾಂಪೂ ನಾಲ್ಕೈದು ಹನಿ ಸಾಕು. ನೀರು ಸುರಿಯಬಾರದು, ನೊರೆಯನ್ನಷ್ಟೇ ಮೆದು ಬ್ರಷ್‌ನಲ್ಲಿ ತೆಗೆದುಕೊಂಡು ಒಂದೊಂದು ಗೇಣು ಜಾಗವನ್ನು ಸುತ್ತುಸುತ್ತಾಗಿ ತಿಕ್ಕಿ. ನೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒಣಗಿತೋ ಕೊಳೆ ಮತ್ತೆ ಅಲ್ಲೇ ಕೂರುತ್ತದೆ. ಬಿಳಿ ಬಟ್ಟೆಗೆ ಕೊಳೆ ಅಂಟದವರೆಗೂ ಇದನ್ನೇ ಮಾಡಿ. ಬೆರಳುಗಳು ಮಡಚಿ ಹಿಡಿಯುವ ಹಿಂಬದಿಯಲ್ಲೇ ಕೊಳೆ ಹೆಚ್ಚು, ಎಲ್ಲರೂ ಮರೆಯುವುದೂ ಅದನ್ನೇ. ಹಾರ್ನ್ ಮತ್ತು ಸ್ವಿಚ್‌ಗಳ ಸಂದಿಗೆ ನೀರು ಇಳಿಯದಂತೆ ಎಚ್ಚರವಿರಲಿ.

ಪೂರ್ತಿ ಒಣಗಿದ ಮೇಲೆ ಸವೆದ ಕಡೆ ಒಂದು ಹನಿ ನೀರು ಇಟ್ಟು ನೋಡಿ. ಹನಿ ಮಣಿಯಂತೆ ನಿಂತರೆ ಮೇಲ್ಪದರ ಗಟ್ಟಿಯಾಗಿದೆ, ಅಲ್ಲಿಗೇ ನಿಲ್ಲಿಸಬಹುದು. ಚರ್ಮ ಅದನ್ನು ಹೀರಿ ಕಪ್ಪಾದರೆ ಪದರ ಹೋಗಿದೆ, ಮುಂದಿನ ಕೆಲಸ ಬೇಕು.

ಬಣ್ಣ ನಿಲ್ಲುವುದೂ ಏಳುವುದೂ ಮುಂದಿನ ಹಂತದಲ್ಲೇ ತೀರ್ಮಾನವಾಗುತ್ತದೆ. ಸಾಬೂನಿಗೆ ಬಿಡದ ಎಣ್ಣೆ ಚರ್ಮದೊಳಗೆ ಉಳಿದಿರುತ್ತದೆ. ಅದರ ಮೇಲೆ ಬಣ್ಣ ಹಚ್ಚುವುದು ಜಿಡ್ಡು ಗೋಡೆಗೆ ಸುಣ್ಣ ಬಳಿದ ಹಾಗೆ. ಜಿಡ್ಡು ಬಿಡಿಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಬಟ್ಟೆಗೆ ಸ್ವಲ್ಪ ತಾಗಿಸಿ ಹಗುರವಾಗಿ ಒರೆಸಿ, ಕಾರಿನ ಬಾಗಿಲು ತೆರೆದಿಟ್ಟುಕೊಂಡೇ. ಹಳೆಯ ಬಣ್ಣ ಬಟ್ಟೆಗೆ ಒಂದಿಷ್ಟು ಬಂದರೆ ಗಾಬರಿ ಬೇಡ. ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ, ಅವು ಚರ್ಮವನ್ನು ಸೆಟೆಸಿ ಸುತ್ತಲಿನ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಬಣ್ಣಕ್ಕೆ ಮುಂಚೆ ಚರ್ಮ ಮೆದುವಾಗಿಸುವ ಕಂಡೀಷನರ್ ಹಚ್ಚುವವರಿದ್ದಾರೆ, ಅದು ತೆಗೆದ ಎಣ್ಣೆಯನ್ನು ಮತ್ತೆ ತುಂಬಿದಂತಾಯಿತು.

ಈಗ ಹೊಲಿಗೆ, ಸ್ವಿಚ್ಚು, ನಡುವಿನ ಏರ್‌ಬ್ಯಾಗ್ ಮುಚ್ಚಳಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಏರ್‌ಬ್ಯಾಗ್ ಮುಚ್ಚಳಕ್ಕೆ ಫಿಲ್ಲರ್ (ಗುಳಿ ತುಂಬುವ ಪೇಸ್ಟ್), ಅಂಟು, ಬಣ್ಣ ಯಾವುದೂ ತಾಗಬಾರದು, ಅದು ತನ್ನ ಗೆರೆಯಲ್ಲೇ ಸೀಳಿ ತೆರೆದುಕೊಳ್ಳಬೇಕು. ಸ್ಟೀರಿಂಗ್ ಬಿಚ್ಚುವ ಸಾಹಸವೂ ಬೇಡ, ಚಕ್ರ ಅಲ್ಲೇ ಇರಲಿ.

ಒರಟಾದ ಕಡೆ 800ರ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಆಮೇಲೆ 1200ರಿಂದ ನಯ ಮಾಡಿ. ಕಣ್ಣಿಗಿಂತ ಬೆರಳನ್ನು ನಂಬಿ: ಕಣ್ಣು ಮುಚ್ಚಿ ಸವರಿದಾಗ ಸವೆದ ಜಾಗ ಮತ್ತು ಚೆನ್ನಾಗಿರುವ ಜಾಗದ ನಡುವಿನ ಅಂಚು ಗೊತ್ತಾಗಬಾರದು. ಅದಕ್ಕಿಂತ ಹೆಚ್ಚು ಉಜ್ಜಿದರೆ ಹೊಸ ನಾರು ಏಳುತ್ತದೆ. ಪುಡಿಯನ್ನು ಒರೆಸಿ, ಸಡಿಲವಾದ ಚರ್ಮಕ್ಕೆ ನಾರುಗಳನ್ನು ಹಿಡಿದು ಕೂರಿಸುವ ಲೆದರ್ ಬೈಂಡರ್ ಎರಡು ಮೂರು ತೆಳು ಪದರ ಹಚ್ಚಿ, ಪ್ರತಿಯೊಂದೂ ಒಣಗಲಿ. ಉಗುರು, ಉಂಗುರ ಕೊರೆದ ಗುಳಿಗಳಿಗೆ ಮಾತ್ರ ಫಿಲ್ಲರ್. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ತೆಳ್ಳಗೆ ಎಳೆದು, ಒಣಗಿಸಿ, ಮತ್ತೆ ಎಳೆಯಿರಿ. ಒಂದೇ ಸಲ ದಪ್ಪಗೆ ತುಂಬಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಕೊನೆಗೆ ಕುಗ್ಗಿ ಬಿರಿಯುತ್ತದೆ. ಸಣ್ಣ ತೂತುಗಳಿರುವ ಚರ್ಮಕ್ಕೆ ಫಿಲ್ಲರ್ ಹಾಕಲೇಬಾರದು, ಮುಚ್ಚಿದ ತೂತು ಮತ್ತೆ ತೆರೆಯುವುದಿಲ್ಲ.

ಬಣ್ಣ ವಾಟರ್ ಬೇಸ್ಡ್ (ನೀರು ಆಧಾರಿತ) ಲೆದರ್ ಕಲರ್ ಆಗಿರಲಿ. ಕಪ್ಪು ಅಂತ ಕಾಣುವ ಎಷ್ಟೋ ಸ್ಟೀರಿಂಗ್ ನಿಜಕ್ಕೆ ಗಾಢ ಬೂದು. ಚಕ್ರದ ಕೆಳಬದಿಯ ಮರೆಯಲ್ಲಿ ಒಂದು ಚುಕ್ಕೆ ಹಚ್ಚಿ, ಒಣಗಿದ ಮೇಲೆಯೇ ಹೋಲಿಸಿ, ಹಸಿಯಲ್ಲಿ ತಿಳಿಯಾಗಿ ಕಂಡದ್ದು ಒಣಗಿದಾಗ ಗಾಢವಾಗುತ್ತದೆ. ಬಾಟಲಿ ಚೆನ್ನಾಗಿ ಕುಲುಕಿ. ಮೊದಲ ಪದರವನ್ನು ಸ್ಪಂಜಿನಿಂದ ತೀಡಿ ಚರ್ಮಕ್ಕೆ ಹಿಡಿಸಬೇಕು, ಅದು ಪಟ್ಟೆಪಟ್ಟೆಯಾಗಿ ಕಾಣುವುದು ಸಹಜ. ಮುಂದಿನ ಪದರಗಳನ್ನು ಬರೀ ಒತ್ತಿ ಒತ್ತಿ ಹಚ್ಚಿ. ನಡುನಡುವೆ ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ಒಣಗಿಸಿ. ನಾಲ್ಕೈದು ತೆಳು ಪದರ ಬೇಕಾಗಬಹುದು. ಬೇಸರವಾಗಿ ದಪ್ಪಗೆ ಬಳಿದರೆ ಹೊಲಿಗೆಯ ಸಂದಿಯಲ್ಲಿ ಬಣ್ಣ ಕಟ್ಟಿಕೊಂಡು ಕೈಗೆ ಅಂಟಂಟಾಗುತ್ತದೆ. ತೂತಿನ ಚರ್ಮಕ್ಕೆ ಸ್ಪಂಜು ಬಹುತೇಕ ಒಣಗಿದಂತಿರಲಿ.

ಬಣ್ಣ ಕಾಪಾಡಲು ಕೊನೆಗೆ ಹಚ್ಚುವ ಟಾಪ್ ಕೋಟ್ ಹೊಳಪಿಲ್ಲದ್ದೇ ಇರಲಿ, ಹೊಳಪಿನದು ಕೈಗೆ ಜಾರುತ್ತದೆ. ಸೋಫಾಕ್ಕೆ ನಡೆಯುವ ಟಾಪ್ ಕೋಟ್ ಇಲ್ಲಿ ಬೇಗ ಸವೆಯುತ್ತದೆ, ದಿನಾ ಕೈ ಉಜ್ಜುವ ಜಾಗವಲ್ಲವೇ. ಆದ್ದರಿಂದ ಟಾಪ್ ಕೋಟನ್ನು ಗಟ್ಟಿಮಾಡಲೆಂದೇ ಸಿಗುವ ಕ್ರಾಸ್‌ಲಿಂಕರನ್ನು ಅದಕ್ಕೆ ಬಾಟಲಿಯಲ್ಲಿ ಹೇಳಿದ ಅಳತೆಗೇ ಬೆರೆಸಿ, ಗ್ಲೌಸ್ ಹಾಕಿಕೊಂಡು, ಎರಡು ಮೂರು ಪದರ ಕೊಡಿ. ಬೆರೆಸಿದ್ದನ್ನು ಎತ್ತಿಡಲಾಗದು, ಬೇಕಾದಷ್ಟೇ ಬೆರೆಸಿ. ಒಂದು ದಿನ ಗಾಡಿ ಓಡಿಸಬೇಡಿ, ಒಂದು ವಾರ ಒದ್ದೆ ಬಟ್ಟೆ ತಾಗಿಸಬೇಡಿ.

ಆಮೇಲೆ ವಾರಕ್ಕೊಮ್ಮೆ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವವರೆಗೆ ಚಕ್ರ ಹಿಡಿಯಬೇಡಿ. ಕೊಬ್ಬರಿ ಎಣ್ಣೆ, ಶೂ ಪಾಲಿಶ್, ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಮೂರೂ ಬೇಡ: ಎಣ್ಣೆಗೆ ಧೂಳು ಹಿಡಿಯುತ್ತದೆ, ಶೂ ಪಾಲಿಶ್ ಅಂಗೈಗೂ ಬಟ್ಟೆಗೂ ಅಂಟುತ್ತದೆ, ಸಿಲಿಕೋನ್ ಜಾರುತ್ತದೆ. ಉಳಿದ ಬಣ್ಣವನ್ನು ಗಾಳಿಯಾಡದ ಪುಟ್ಟ ಬಾಟಲಿಯಲ್ಲಿಡಿ. ಮೊದಲು ಮಾಸುವುದು ಹೆಬ್ಬೆರಳು ಊರುವ ಜಾಗ. ಅಲ್ಲಿ ಆಲ್ಕೋಹಾಲ್‌ನಲ್ಲಿ ಒರೆಸಿ, ಸ್ಪಂಜಿನ ತುದಿಯಿಂದ ಒಂದೆರಡು ಪದರ ಒತ್ತಿ, ಮೇಲೆ ಟಾಪ್ ಕೋಟ್ ಕೊಟ್ಟರೆ ಇಡೀ ಚಕ್ರವನ್ನು ಮತ್ತೆ ಮುಟ್ಟಬೇಕಿಲ್ಲ.