ಜರ್ಮನಿಯ ಫಿಜಿಯೋ, ಮೊಣಕಾಲಿನ ಸೆನ್ಸರ್, ಅಂಜನಾದ್ರಿಯ ಮೆಟ್ಟಿಲು

ಕೊಪ್ಪಳ, ಗಂಗಾವತಿ ಕಡೆಯಿಂದ ಜರ್ಮನಿಗೆ ಬಂದಿರುವ ನಮ್ಮವರಿಗೆ ಇದು. ಹೋದ ವರ್ಷ ನಮ್ಮ ಮನೆಯವರಿಗೆ ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆಯಿತು. ಫಿಜಿಯೋ, ಅಂದರೆ ವ್ಯಾಯಾಮ ಮಾಡಿಸುವ ಥೆರಪಿಸ್ಟ್, ತೊಡೆಗೊಂದು, ಮೊಣಕಾಲಿನ ಕೆಳಗೊಂದು ಪುಟ್ಟ ಸೆನ್ಸರ್ ಪಟ್ಟಿ ಕಟ್ಟಿದರು. ಎರಡೂ ಎಷ್ಟೆಷ್ಟು ವಾಲಿವೆ ಅಂತ ಹೋಲಿಸಿ, ಕಾಲು ಎಷ್ಟು ಡಿಗ್ರಿ ಮಡಚಿತು ಅಂತ ಫೋನಿನಲ್ಲಿ ತೋರಿಸುತ್ತದೆ. ಪಟ್ಟಿ ಸ್ವಲ್ಪ ಜಾರಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಪ್ರತಿ ಸಲ ಕಟ್ಟಿದ ಮೇಲೆ, ಆ್ಯಪ್ ಹೇಳಿದ ಹಾಗೆ ನೆಟ್ಟಗೆ ನಿಂತು ಅಳತೆಯನ್ನು ಸೊನ್ನೆಗೆ ತನ್ನಿ. ನಾವು ಮೊದಲ ವಾರ ಇದನ್ನು ಬಿಟ್ಟು, ಕಾಲು ಮತ್ತೆ ಬಿಗಿಯಾಯಿತೇನೋ ಅಂತ ಸುಮ್ನೆ ಹೆದರಿದ್ದೆವು.

ಇನ್ನು ದುಡ್ಡು. ನೀವು ಸಾರ್ವಜನಿಕ ವಿಮೆಯಲ್ಲಿದ್ದರೆ ಡಾಕ್ಟರ್ ಬರೆದ ಫಿಜಿಯೋ ಚೀಟಿಗೆ 10 ಯೂರೋ, ಜೊತೆಗೆ ಖರ್ಚಿನ ಶೇ. 10 ನಿಮ್ಮದು, ಉಳಿದದ್ದು ನಿಮ್ಮ ಆರೋಗ್ಯ ವಿಮಾ ಸಂಸ್ಥೆ, ಅಂದರೆ ಕ್ರಾಂಕೆನ್‌ಕಾಸೆ ಕೊಡುತ್ತದೆ. ಚೀಟಿ ಬರೆದ 28 ದಿನದೊಳಗೆ ಶುರು ಮಾಡಬೇಕು, ತುರ್ತು ಅಂತ ಗುರುತು ಹಾಕಿದ್ದರೆ 14 ದಿನ, ಅದಕ್ಕೇ ಆಪರೇಷನ್‌ಗೆ ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. 2020ರಿಂದ ಕೆಲವು ಆ್ಯಪ್‌ಗಳನ್ನೂ ಔಷಧಿಯ ಹಾಗೆ ಬರೆದುಕೊಡುತ್ತಾರೆ, ಅದಕ್ಕೆ ಡಿಗಾ ಅಂತ ಹೆಸರು. ಚೀಟಿಯನ್ನು ಕಾಸೆಗೆ ಕಳಿಸಿದರೆ ಆ್ಯಪ್ ತೆರೆಯಲು 16 ಅಕ್ಷರದ ಕೋಡ್ ಬರುತ್ತದೆ. ಆದರೆ ಸರಕಾರದ ಪಟ್ಟಿಯಲ್ಲಿರುವ ಆ್ಯಪ್‌ಗೆ ಮಾತ್ರ. ಊರಿಂದ ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಇದ್ಯಾವುದೂ ಸಿಗೋದಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಫಿಜಿಯೋ ಇಟ್ಟ ಗುರಿ ಕುರ್ಚಿ, ಬಸ್ಸು, ಮನೆಯ ಮೆಟ್ಟಿಲಿಗೆ ಸಾಕಾಗುವಷ್ಟು. ಆ್ಯಪ್‌ನಲ್ಲಿ ಹಸಿರು ಬಂತು, ಗುರಿ ಮುಟ್ಟಿತು ಅಂತ ತೋರಿಸಿತು. ಆದರೆ ಊರಿಗೆ ಹೋದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬೇಕು, ಹರಕೆಗೆ ಅಂಜನಾದ್ರಿ ಬೆಟ್ಟದ ಹನುಮನ ಗುಡಿಗೆ 575 ಮೆಟ್ಟಿಲು ಹತ್ತಬೇಕು, ಹತ್ತಿದ ಮೇಲೆ ಇಳಿಯಲೂ ಬೇಕಲ್ವಾ, ಮೊಣಕಾಲಿಗೆ ಇಳಿಯೋದೇ ಜಾಸ್ತಿ ಕಷ್ಟ. ಇದನ್ನು ನಾವು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು? ನೆಲದ ಮೇಲೆ ಕೂತ ಫೋಟೋ ತೋರಿಸಿದೆವು. ಸರ್ಜನ್ ಒಪ್ಪಿದ ಮೇಲೆ ಮಡಚುವ ಗುರಿ ನಿಧಾನವಾಗಿ ಏರಿಸಿದರು, ಮೆಟ್ಟಿಲು ಇಳಿಯುವ ವ್ಯಾಯಾಮ ಸೇರಿಸಿದರು. ದಯವಿಟ್ಟು ಮೊದಲ ದಿನವೇ ಹೇಳಿ, ನಾಚಿಕೆ ಬೇಡ.

ಊರಿಗೆ ಹೊರಡುವ ಮುಂಚೆ ಸೆನ್ಸರ್ ದಾಖಲೆಯ ಪ್ರತಿ ಕೇಳಿ. ಯುರೋಪಿನ ಡೇಟಾ ಕಾನೂನಿನಲ್ಲಿ ಅದು ನಿಮ್ಮ ಹಕ್ಕು, ಮೊದಲ ಪ್ರತಿಗೆ ದುಡ್ಡಿಲ್ಲ. ಕೊಪ್ಪಳದಲ್ಲಿ ಕಾಲು ಊದಿಕೊಂಡರೆ ಅಲ್ಲಿನ ಡಾಕ್ಟರ್‌ಗೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.